ಹೇಳಿ ಬಿಡುವ ನೀರು

"ಮಂಜಯ್ಯನವ್ರೇ, ಇವತ್ತು ಊಟದ ಹೊತ್ತಿಗೆ ನೀರು ಬಿಡ್ತೀವಿ. ಕೆಳಗಿನವ್ರಿಗೆ ಒಂದು ಮಾತು ಹೇಳ್ಬಿಡಿ" ಎಂದು ಮೇಲಿನ ಎಸ್ಟೇಟಿನ ರೈಟರ್ ಸುರೇಂದ್ರ ಫೋನಿನಲ್ಲಿ ಹೇಳಿದಾಗ ಮಂಜಯ್ಯ "ಹೂಂ" ಎಂದ. ಎಂದ ಮೇಲೆ ಅವನಿಗೆ ಮೈಯೆಲ್ಲ ಉರಿದುಹೋಯಿತು. ಇಂದೋ ನಾಳೆಯೋ ಈ ಫೋನು ಬರುತ್ತದೆಂದು ಬೆಳಿಗ್ಗೆ ಎದ್ದಾಗಿನಿಂದ ಬೇರೆ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಓಡಾಡುತ್ತಿದ್ದ. ಈ ಸಲ ಬೇಡ, ಹಳ್ಳದಲ್ಲಿ ನೀರಿಲ್ಲ, ಕಾಫಿ ಅರಳಿಸುವ ಹೂವಿನ ಮಳೆ ಒಂದು ಬೀಳಲಿ, ಆಮೇಲೆ ಬಿಡಿ ಎಂದು. ಅಷ್ಟೇ ಮಾತು. ಆದರೆ ಆ ಸುರೇಂದ್ರ ಮೆತ್ತಗಿನ ದನಿಯಲ್ಲಿ, ಮನೆಯಲ್ಲಿ ಎಲ್ಲ ಆರಾಮವಾ, ಕೃಷ್ಣಮ್ಮನವರ ಮಂಡಿನೋವು ಹೇಗಿದೆ ಎಂದು ಮೊದಲು ವಿಚಾರಿಸಿಕೊಂಡು ಆಮೇಲೆ ನೀರಿನ ಸುದ್ದಿ ತೆಗೆಯುತ್ತಾನೆ. ಹೆಂಡತಿಯ ಮಂಡಿಯನ್ನು ಕೇಳಿದವನಿಗೆ ಬೇಡ ಎನ್ನುವುದು ಹೇಗೆ? ಫೋನು ಜೇಬಿಗೆ ಹಾಕಿದ ಮೇಲೂ ಅವನು ಹಲಸಿನ ಮರದ ಬುಡದಲ್ಲೇ ನಿಂತಿದ್ದ. ಆ ಕೊಳ್ಳದಲ್ಲೆಲ್ಲ ಸಿಗ್ನಲ್ ಸಿಗುವುದು ಆ ಮರದ ಬುಡವೊಂದರಲ್ಲಿ. ಅದರಿಂದಾಗಿಯೇ ಈ ಕೆಲಸ ಇನ್ನೂ ಅವನ ಕೊರಳಲ್ಲೇ ಉಳಿದದ್ದು. ಎಸ್ಟೇಟಿನವರು ಅವನಿಗೆ ಹೇಳುವುದು, ಅವನು ಅಂಗಳದ ತುದಿಯ ಬಂಡೆಯ ಮೇಲೆ ನಿಂತು "ಕೂ... ನೀರು ಬಿಡ್ತಾರಂತೆ... ತುಂಬಿಟ್ಕೊಳ್ಳಿ..." ಎಂದು ಕೆಳಕ್ಕೆ ಕೂಗುವುದು. ಕೆಳಗಿನ ಮನೆಯ ಮುತ್ತಮ್ಮ ತಿರುಗಿ "ಕೂ..." ಎಂದರೆ ಸುದ್ದಿ ಮುಟ್ಟಿದ ಹಾಗೆ. ಆಮೇಲೆ ಅವಳು ತನ್ನಿಂದ ಕೆಳಗಿನವರಿಗೆ ಕೂಗುತ್ತಾಳೆ.

ಬಿಡುವ ನೀರೆಂದರೆ ಪಲ್ಪರಿನ ನೀರು. ಕಾಫಿ ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದು ಉಳಿದದ್ದು. ಅದನ್ನು ಗುಂಡಿಯಲ್ಲಿ ನಿಲ್ಲಿಸುತ್ತಾರೆ, ಗುಂಡಿ ತುಂಬಿದರೆ ಗೇಟು ಎತ್ತಿ ಹಳ್ಳಕ್ಕೆ ಬಿಡುತ್ತಾರೆ. ಮೊದಲು ಜೋನಿಬೆಲ್ಲದ ಬಣ್ಣಕ್ಕೆ ಬಂದು, ಆಮೇಲೆ ಕಪ್ಪಾಗಿ, ಹಳಸಿದ ಗಂಜಿಯ ಹಾಗೆ ನಾರುತ್ತಾ ಮನೆಮನೆಯ ಪೈಪಿನಲ್ಲಿ ಅದು ಇಳಿಯುತ್ತದೆ. ಎಲ್ಲರ ಮನೆಯ ಪೈಪೂ ಅದೇ ಹಳ್ಳದ್ದು. ಹೇಳದೆ ಬಿಡಬಾರದು ಎಂದು ಕಟ್ಟುನಿಟ್ಟು ಮಾಡಿದವರು ವಿಶ್ವನಾಥ ಗೌಡರು, ಈಗಿನ ಸಾಹುಕಾರರ ತಂದೆ. ಮೊದಲ ಸಲ ಹೇಳುವುದಕ್ಕೆ ಅವರೇ ಕೊಡೆ ಊರಿಕೊಂಡು ಈ ಅಂಗಳಕ್ಕೆ ಬಂದಿದ್ದರು. ಜಗುಲಿಯ ಮೇಲೆ ಕೂತು, ನೋಡು ಮಂಜಯ್ಯ, ಕೆಳಗೆ ಮನೆಗಳಿವೆ, ಹೆಂಗಸರು ಮಕ್ಕಳಿದ್ದಾರೆ, ಗೊತ್ತಿಲ್ಲದೆ ಕುಡಿದುಬಿಟ್ಟರೆ ಪಾಪ ಯಾರಿಗೆ ಎಂದಿದ್ದರು. ಅಂಥ ದೊಡ್ಡ ಮನುಷ್ಯರು ತನ್ನ ಜಗುಲಿಗೆ ಬಂದು ಕೇಳಿದರಲ್ಲ ಎಂದು ಮಂಜಯ್ಯ ಎಷ್ಟೋ ದಿನ ಎದೆ ಉಬ್ಬಿಸಿಕೊಂಡು ಓಡಾಡಿದ್ದ. ಆಗ ಕೈಯಲ್ಲಿ ತಿರುಗಿಸುವ ಪಲ್ಪರು. ಹಳ್ಳದಲ್ಲಿ ಬೇಸಿಗೆಯಲ್ಲೂ ಮೊಣಕಾಲುದ್ದ ನೀರು. ಮೇಲಿನಿಂದ ಬಿಟ್ಟದ್ದು ಒಂದು ಬಣ್ಣದ ಎಳೆಯ ಹಾಗೆ ಬಂದು, ಸಂಜೆಯ ಹೊತ್ತಿಗೆ ಕರಗಿಹೋಗುತ್ತಿತ್ತು. ಈಗ ಮೋಟಾರು ತಿರುಗುತ್ತದೆ, ಸುತ್ತಮುತ್ತಲಿನ ತೋಟದವರ ಹಣ್ಣೂ ಲಾರಿಯಲ್ಲಿ ಅಲ್ಲಿಗೇ ಬಂದು ಬೀಳುತ್ತದೆ. ಹಳ್ಳ ಮಾತ್ರ ಬಡಕಲು ದನದ ಬೆನ್ನಿನ ಹಾಗೆ ಕಲ್ಲು ಕಾಣಿಸಿಕೊಂಡು ಬಿದ್ದಿದೆ. ಹೇಳುವ ಮರ್ಯಾದೆಯೊಂದು ಹಾಗೇ ಉಳಿದುಕೊಂಡಿದೆ. ಆ ಮರ್ಯಾದೆಯೇ ಈಗೀಗ ಅವನಿಗೆ ಉಗುರುಸುತ್ತಿನ ಹಾಗೆ ಮಿಡಿಯುತ್ತಿತ್ತು. ಹೇಳದೆ ಬಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಬೆಳಿಗ್ಗೆ ಚೌಡಿ ಗುಂಡಿಗೆ ಹೋಗದೆ ಇದ್ದಿದ್ದರೆ ಇಷ್ಟು ಕಳವಳ ಆಗುತ್ತಿರಲಿಲ್ಲವೇನೋ. ಮನೆಯಿಂದ ಇಳಿದರೆ ಹಳ್ಳದ ತಿರುವಿನಲ್ಲಿ ಬಂಡೆಗಳ ನಡುವೆ ಆ ಗುಂಡಿ. ಅದರಲ್ಲಿ ಚೌಡಿ ದೇವರ ಮೀನು. ಯಾರೂ ಹಿಡಿಯುವುದಿಲ್ಲ, ಯಾರೂ ಕಾಲಿಡುವುದಿಲ್ಲ, ಕೊಡ ಅದ್ದುವುದಿಲ್ಲ. ದಿನಾ ಒಂದು ಹಿಡಿ ಅನ್ನ ಹಾಕುವುದು ಮಂಜಯ್ಯನ ಮನೆಯವರ ಪಾಲಿಗೆ ಬಂದದ್ದು. ಅಪ್ಪ ಹಾಕುತ್ತಿದ್ದ, ಅಪ್ಪನಿಗೆ ಕಾಲು ಬಾರದೆ ಹೋದಾಗ ಇವನು ಹಾಕತೊಡಗಿದ. ಬಂಡೆಯ ಮೇಲೆ ಹೆಜ್ಜೆಯ ಸದ್ದು ಬಿದ್ದರೆ ಸಾಕು, ಕೆಳಗಿನ ಕಪ್ಪಿನೊಳಗಿಂದ ಒಂದೊಂದೇ ಬೆನ್ನು ಮೇಲಕ್ಕೆ ಬರುತ್ತಿತ್ತು. ಈ ದಿನ ಮೇಲಕ್ಕೆ ಬರಬೇಕಾದ ಅಗತ್ಯವೇ ಇರಲಿಲ್ಲ. ಗುಂಡಿಯ ತಳ ಕಾಣುತ್ತಿತ್ತು. ಮೀನುಗಳು ಒಂದಕ್ಕೊಂದು ಒತ್ತಿಕೊಂಡು, ಕೆಲವು ಬೆನ್ನನ್ನು ಬಿಸಿಲಿಗೆ ಕೊಟ್ಟು, ಸಂತೆಯ ದಿನ ಬಸ್ಸಿನಲ್ಲಿ ನಿಂತ ಜನದ ಹಾಗೆ ಸುಮ್ಮನೆ ಬಾಯಿ ತೆರೆದು ನಿಂತಿದ್ದವು. ಹಾಕಿದ ಅನ್ನ ಅವುಗಳ ಬೆನ್ನಿನ ಮೇಲೇ ಬಿತ್ತು. ಅವು ತಿನ್ನಲಿಲ್ಲ. ಮೇಲಿನಿಂದ ಬರುವ ನೀರು ಒಂದು ಎಳೆ, ಬೆರಳು ಅಡ್ಡ ಇಟ್ಟರೆ ನಿಂತುಹೋಗುವಷ್ಟು. ಇದಕ್ಕೆ ಆ ಪಲ್ಪರಿನ ನೀರು ಬಂದು ಸೇರಿದರೆ ಕರಗಿಸುವುದಕ್ಕೆ ಏನಿದೆ? ಈ ಸಲ ಒಂದೂ ಉಳಿಯುವುದಿಲ್ಲ ಎಂದು ಅವನಿಗೆ ಅಲ್ಲೇ ಗೊತ್ತಾಗಿಹೋಗಿತ್ತು. ಗೊತ್ತಾದ ಮೇಲೂ ಹೂಂ ಎಂದಿದ್ದ.

ಕೃಷ್ಣಮ್ಮ ಫೋನಿನ ಮಾತು ಕೇಳಿಸಿಕೊಂಡವಳೇ ಪೈಪಿಗೆ ನೀಲಿ ಡ್ರಮ್ಮು ಹಚ್ಚಿದ್ದಳು. ಡ್ರಮ್ಮು ಆಯಿತು, ಬಚ್ಚಲಿನ ತೊಟ್ಟಿ ಆಯಿತು, ಬಕೆಟು, ಕೊಡ, ಸಾರಿನ ಪಾತ್ರೆಗೂ ಹಿಡಿದಿಟ್ಟಳು. ಮಂಡಿಯ ಮೇಲೆ ಕೈಯಿಟ್ಟುಕೊಂಡು ಏಳುತ್ತಾ ಕೂರುತ್ತಾ, "ಕೂಗಿ ಆಯ್ತಾ?" ಎಂದಳು.

"ಮೇಲೆ ಹೋಗಿ ಬರ್ತೀನಿ. ಸಾವ್ಕಾರ್ರನ್ನೇ ಕಂಡು ಮಾತಾಡ್ತೀನಿ. ಈ ಸಲ ಬಿಡೋದು ಬೇಡ."

"ಅದನ್ನ ಫೋನಲ್ಲೇ ಹೇಳಕ್ಕೆ ಆಗ್ಲಿಲ್ವಾ?"

"ಫೋನಲ್ಲಿ ಹೇಳೋ ಮಾತಾ ಅದು?"

"ನಿಮಗೆ ಎದುರಿಗಿದ್ರೆ ಮುಖ ಕಾಣುತ್ತೆ ಅಂತ ದಾಕ್ಷಿಣ್ಯ, ಫೋನಲ್ಲಾದ್ರೆ ಮುಖ ಕಾಣಲ್ಲ ಅಂತ ದಾಕ್ಷಿಣ್ಯ. ಹೋಗಿ. ಆದ್ರೆ ಕೂಗಿ ಹೋಗಿ. ಮುತ್ತಮ್ಮನ ಮನೇಲಿ ಬಾಣಂತಿ ಇದಾಳೆ, ಅವಳ ಮಗಳು ರೇವತಿ. ಮೊನ್ನೆ ಇನ್ನೂ ಆಸ್ಪತ್ರೆಯಿಂದ ಬಂದಿದಾಳೆ."

"ಬಿಡೋದೇ ಇಲ್ಲ ಅಂತಾದ್ಮೇಲೆ ಕೂಗೋದು ಯಾಕೆ? ಬಂದು ಕೂಗ್ತೀನಿ ಬೇಕಾದ್ರೆ" ಎಂದು ಅವನು ರೇಗಿ ಟವೆಲ್ಲು ಹೆಗಲಿಗೆ ಹಾಕಿಕೊಂಡ. ರೇಗಿದ್ದು ಅವಳ ಮೇಲೆ ಅಲ್ಲ. ಬಂಡೆಯ ಮೇಲೆ ನಿಂತು ಕೂಗಿಬಿಟ್ಟರೆ ಅದು ಆಗಿಹೋದ ಹಾಗೆ, ಕೂಗದೆ ಇದ್ದರೆ ಇನ್ನೂ ಆಗದೆ ಉಳಿದ ಹಾಗೆ ಎಂದು ಅವನ ಒಳಗೆ ಯಾವುದೋ ಮಕ್ಕಳ ಬುದ್ಧಿ ಹಟ ಹಿಡಿದು ಕೂತಿತ್ತು. ಅದು ಅವಳಿಗೆ ಹೇಳುವ ಮಾತಲ್ಲ.

ಹಳ್ಳದ ಪಕ್ಕದ ಕಾಲುದಾರಿ ಹತ್ತಿದರೆ ಹಡ್ಲು ಸಿಗುತ್ತದೆ. ಸಿಗುತ್ತಿತ್ತು. ಎರಡು ಗುಡ್ಡದ ನಡುವೆ ಹಾಸಿಗೆಯ ಹಾಗೆ ಬಿದ್ದುಕೊಂಡಿದ್ದ ಜೌಗು ನೆಲ ಅದು. ಕಾಲಿಟ್ಟರೆ ದೂರದ ಮುಂಡಿಗೆಯ ಪೊದೆ ಅಲುಗುತ್ತಿತ್ತು. ಚಿಕ್ಕವನಿದ್ದಾಗ ಎಮ್ಮೆಯೊಂದು ಹೊಟ್ಟೆಯವರೆಗೆ ಹೂತು, ಅಪ್ಪ ಅದರ ಹೊಟ್ಟೆಯ ಕೆಳಗೆ ಬಿದಿರು ತೂರಿಸಿ ಎತ್ತಿದ್ದು, ಎದ್ದ ಎಮ್ಮೆ ನಾಚಿಕೆಯಾದ ಹಾಗೆ ಯಾರ ಮುಖವನ್ನೂ ನೋಡದೆ ಮನೆಗೆ ಓಡಿದ್ದು ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಆ ನೆಲ ಬೇಸಿಗೆಯುದ್ದಕ್ಕೂ ಅಂಚಿನಲ್ಲಿ ಒಸರುತ್ತಾ ಹಳ್ಳಕ್ಕೆ ಕೊಡುತ್ತಿತ್ತು. ಈಗ ಅಲ್ಲಿ ಗಟ್ಟಿ ಕೆಂಪು ಮಣ್ಣಿನ ಬಯಲು. ಅವನ ದೊಡ್ಡಪ್ಪನ ಮಗ ದಯಾನಂದ ಮೇಲಿನ ಗುಡ್ಡವನ್ನು ಜೆಸಿಬಿಯಲ್ಲಿ ಕಡಿಸಿ ಆ ಮಣ್ಣನ್ನೆಲ್ಲ ಹಡ್ಲಿಗೆ ಸುರಿಸಿದ್ದ. ಗುಡ್ಡ ಕಡಿದ ಜಾಗದಲ್ಲಿ ಹೋಂಸ್ಟೇ, ಹಡ್ಲು ಮುಚ್ಚಿದ ಜಾಗದಲ್ಲಿ ಕಾರು ನಿಲ್ಲಿಸುವ ಜಾಗ. ಮಣ್ಣು ಸುರಿದ ಮೇಲೂ ಕೆಲವು ದಿನ ಕಪ್ಪೆಗಳು ಅದರೊಳಗಿಂದಲೇ ಕೂಗುತ್ತಿದ್ದವು ಎಂದು ಕೃಷ್ಣಮ್ಮ ಹೇಳುತ್ತಾಳೆ. ಮಂಜಯ್ಯನಿಗೆ ಕೇಳಿಸಿರಲಿಲ್ಲ, ಅಥವಾ ಕೇಳಿಸಿಕೊಂಡಿರಲಿಲ್ಲ. ಗೃಹಪ್ರವೇಶದಲ್ಲಿ ಹೋಳಿಗೆ ಉಂಡು ಬಂದಿದ್ದ. ಜಾಗ ಚೆನ್ನಾಗಿ ಮಾಡಿದೀಯ ಎಂದೂ ಹೇಳಿಬಂದಿದ್ದ.

ದಯಾನಂದ ಬನಿಯನ್ನಿನಲ್ಲಿ ನಿಂತು ಮೇಲಕ್ಕೆ ನೋಡುತ್ತಿದ್ದ. ಕಬ್ಬಿಣದ ಕಂಬಗಳ ಮೇಲೆ ಅಡ್ಡಡ್ಡ ಎಳೆದ ಪೈಪುಗಳಿಂದ ಸಣ್ಣಗೆ ನೀರು ಉದುರುತ್ತಿತ್ತು.

"ಬನ್ನಿ ಮಂಜಣ್ಣ, ಒಳ್ಳೇ ಹೊತ್ತಿಗೆ ಬಂದ್ರಿ. ರೇನ್ ಡ್ಯಾನ್ಸ್ ಟೆಸ್ಟ್ ಮಾಡ್ತಾ ಇದೀನಿ. ಒಂದು ಸುತ್ತು ಕುಣ್ದು ಹೋಗಿ."

"ಹಳ್ಳದಲ್ಲಿ ಕುಡಿಯೋಕೆ ನೀರಿಲ್ಲ ಮಾರಾಯ."

"ಎಲ್ಲಿಂದ ಇರುತ್ತೆ? ಮೇಲೆ ಸಾವ್ಕಾರ್ರು ಹೂವು ಬಿಡ್ಸೋಕೆ ಅಂತ ಹಗಲೂ ರಾತ್ರಿ ಸ್ಪ್ರಿಂಕ್ಲರ್ ತಿರುಗಿಸ್ತಾ ಇದಾರೆ. ಅವ್ರನ್ನ ಕೇಳೋ ಗಂಡಸು ಯಾರಿದಾರೆ ಈ ಊರಲ್ಲಿ? ನಾನು ಬೆರಳು ದಪ್ಪದ ಪೈಪು ಎಳೆದ್ರೆ ಎಲ್ಲರಿಗೂ ಹಳ್ಳ ನೆನಪಾಗುತ್ತೆ."

"ಕೇಳೋಕೇ ಹೊರಟಿದೀನಿ."

ದಯಾನಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಗು ಬಂದದ್ದನ್ನು ತಡೆದುಕೊಂಡ. "ಕೇಳಿ ಕೇಳಿ. ಬರೋವಾಗ ಕಾಫಿ ಕುಡ್ದೇ ಬನ್ನಿ, ಅಲ್ಲಿ ಏನೋ ಹೊಸ ಮಿಷನ್ ತರಿಸಿದಾರಂತೆ" ಎಂದ. ಆ ಸುಳ್ಳು ಮಳೆಯ ನಾಲ್ಕು ಹನಿ ಮಂಜಯ್ಯನ ಹೆಗಲ ಮೇಲೂ ಬಿದ್ದವು. ತಣ್ಣಗಿದ್ದವು. ಇದೂ ಹಳ್ಳದ್ದೇ ನೀರು, ಇಷ್ಟು ಗುಂಡಿಗೆ ಬಿದ್ದಿದ್ದರೆ ಎಂದು ಯೋಚನೆ ಬಂದು, ಅದನ್ನು ಆಡುವುದಕ್ಕೆ ಬಾಯಿ ತೆರೆದರೆ, "ಬರ್ತೀನಪ್ಪಾ, ಹೊತ್ತಾಯ್ತು" ಎಂಬ ಮಾತು ಬಂತು.

ಎಸ್ಟೇಟಿನ ಗೇಟಿನಲ್ಲಿ ಹೊಸ ಬೋರ್ಡು. ಅದರ ಮೇಲೆ ಮಂಗಟ್ಟೆ ಹಕ್ಕಿಯ ಬಣ್ಣದ ಚಿತ್ರ, ಕೆಳಗೆ ಇಂಗ್ಲಿಷ್. ಚಿತ್ರ ಚೆನ್ನಾಗಿತ್ತು, ಕೊಕ್ಕಿನ ಹಳದಿಯನ್ನೂ ಸರಿಯಾಗಿ ಬರೆದಿದ್ದರು. ಬಂಗಲೆಯ ಮೆಟ್ಟಿಲಲ್ಲಿ ಅವನು ಚಪ್ಪಲಿ ಬಿಟ್ಟು ಹತ್ತಿದ. "ಅಯ್ಯೋ, ಚಪ್ಪಲಿ ಹಾಕ್ಕೊಂಡೇ ಬನ್ನಿ ಮಂಜಯ್ಯನವ್ರೇ, ನಾವೆಲ್ಲ ಹಾಗೆ ಇಟ್ಕೊಂಡಿಲ್ಲ" ಎಂದು ಈಗಿನ ಸಾಹುಕಾರ ಹರ್ಷವರ್ಧನ ಒಳಗಿನಿಂದಲೇ ಅಂದ. ಮಂಜಯ್ಯ ಇಳಿದುಹೋಗಿ ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹತ್ತಿದ. ಈಗ ಒರೆಸಿದ ನೆಲದ ಮೇಲೆ ಹೆಜ್ಜೆಹೆಜ್ಜೆಗೂ ಕೆಂಪು ಮಣ್ಣು ಮೂಡತೊಡಗಿತು, ದಯಾನಂದನ ಬಯಲಿನ ಮಣ್ಣು. ಅದನ್ನು ನೋಡುತ್ತಾ, ನೋಡದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ. ಹರ್ಷವರ್ಧನ ಒಳ್ಳೆಯ ಹುಡುಗ. ಅಪ್ಪನ ಹಾಗೆಯೇ ಮಾತು. ತಾನೇ ಮಿಷನ್ನಿನ ಹತ್ತಿರ ಹೋಗಿ ಕಾಫಿ ಮಾಡಿ ತಂದುಕೊಟ್ಟ. ಕಾಫಿ ಕಹಿಯಾಗಿತ್ತು, ಸಕ್ಕರೆ ಕೇಳುವುದು ಹೇಗೆಂದು ತಿಳಿಯಲಿಲ್ಲ.

"ನಾನೇ ನಿಮ್ಮನ್ನ ನೋಡ್ಬೇಕು ಅಂತಿದ್ದೆ ನೋಡಿ. ನಾಳೆ ಆ ಸರ್ಟಿಫಿಕೇಟಿನವ್ರು ಬರ್ತಿದಾರೆ, ನಮ್ಮ ಕಾಫಿಯಿಂದ ಕಾಡಿಗೆ ನೀರಿಗೆ ತೊಂದರೆ ಇಲ್ಲ ಅಂತ ಬರೆದುಕೊಡೋರು. ಹೋದ ವರ್ಷ ಬಂದಿತ್ತಲ್ಲ ಆ ಹುಡುಗಿ, ಕೃತಿಕಾ, ಅವಳೇ. ನಿಮ್ಮನ್ನ ಕೇಳಿದ್ಲು. ಆ ಅಜ್ಜ ಚೆನ್ನಾಗಿ ಮಾತಾಡಿದ್ರು ಅಂತ. ನಾಳೆ ಒಂದು ಗಳಿಗೆ ಬಂದು ಹೋಗಿ, ಹೋದ್ಸಲ ಹೇಳಿದ್ದೇ ನಾಲ್ಕು ಮಾತು."

ಹೋದ ಸಲ ಏನು ಹೇಳಿದ್ದೆ? ಆ ಹುಡುಗಿ ಅಂಗಳಕ್ಕೇ ಬಂದಿತ್ತು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಅಜ್ಜಾ, ಎಸ್ಟೇಟಿನ ನೀರಿಂದ ನಿಮಗೆ ತೊಂದರೆ ಇದೆಯಾ ಎಂದು ಕೇಳಿತ್ತು. ಪಕ್ಕದಲ್ಲೇ ಹರ್ಷವರ್ಧನ ನಿಂತಿದ್ದ, ಸುರೇಂದ್ರ ನಿಂತಿದ್ದ. ನಾಲ್ಕು ಜನರ ಎದುರು, ಅದೂ ದೂರದಿಂದ ಬಂದ ಹೆಣ್ಣುಮಗುವಿನ ಎದುರು, ಪಕ್ಕದ ಮನೆಯವರ ಮೇಲೆ ದೂರು ಹೇಳುವುದು ಎಂಥ ಸಂಸ್ಕಾರ? "ಹಂಗೇನಿಲ್ಲಮ್ಮ, ಹೇಳಿಯೇ ಬಿಡ್ತಾರೆ" ಎಂದಿದ್ದ. ಆ ಹುಡುಗಿಗೆ ಅದು ಬಹಳ ಹಿಡಿಸಿ, ಹೇಳಿ ಬಿಡ್ತಾರಾ, ಎಷ್ಟು ಒಳ್ಳೆಯ ಪದ್ಧತಿ ಎಂದು ಎರಡು ಸಲ ಅಂದಿತ್ತು. ಆ ವರ್ಷವೂ ಕೆಲವು ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದ್ದವು. ಅವುಗಳನ್ನು ಕೋಲಿನಿಂದ ಕೆಳಕ್ಕೆ ತಳ್ಳಿಬಿಟ್ಟಿದ್ದ, ಹುಡುಗಿ ಬರುವ ಮೊದಲು. ಯಾರೂ ತಳ್ಳು ಎಂದಿರಲಿಲ್ಲ. ಮನೆಗೆ ನೆಂಟರು ಬರುವಾಗ ಅಂಗಳ ಗುಡಿಸುವುದಿಲ್ಲವೇ, ಹಾಗೆ.

"ಬರ್ತೀನಿ, ಅದಕ್ಕೇನು" ಎಂದ ಮಂಜಯ್ಯ. ಎಂದು ಮುಗಿಸಿದ ಮೇಲೆ, ಕಾಫಿಯ ಲೋಟವನ್ನೇ ನೋಡುತ್ತಾ, "ಹಳ್ಳದಲ್ಲಿ ನೀರು ಬಹಳ ಕಮ್ಮಿ ಆಗಿದೆ" ಎಂದ.

"ಹೌದು ಮಾರಾಯ್ರೇ. ಎಲ್ಲಾ ಕಡೆ ಹಂಗೇ ಆಗಿದೆ. ಆ ಹಡ್ಲು ಮುಚ್ಚಿದ್ದೇ ತಪ್ಪು. ನಿಮ್ಮ ದಯಾನಂದನಿಗೆ ನೀವಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಹೇಳಿದ್ರೆ ಸಾವ್ಕಾರನ ಸೊಕ್ಕು ಅಂತಾನೆ."

ಅದೂ ನಿಜವೇ. ದಯಾನಂದ ಹೇಳಿದ್ದೂ ನಿಜವೇ. ಈ ಕೊಳ್ಳದಲ್ಲಿ ಎಲ್ಲರೂ ನಿಜವನ್ನೇ ಹೇಳುತ್ತಾರೆ, ಇನ್ನೊಬ್ಬರದ್ದನ್ನು. ಮಂಜಯ್ಯನಿಗೆ ತಲೆಯೊಳಗೆ ಹುಣಸೆಬೀಜ ಅಲ್ಲಾಡಿಸಿದ ಹಾಗೆ ಕಿರಿಕಿರಿಯಾಯಿತು. ಕಹಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, "ಇವತ್ತು ಬಿಟ್ರೆ ಚೌಡಿ ಗುಂಡಿಯ ಮೀನು ಉಳಿಯಲ್ಲ. ಹೂವಿನ ಮಳೆವರೆಗೆ ತಡೀಬಹುದಾ ಅಂತ" ಎಂದ. ತಡೆಯಿರಿ ಎನ್ನಲು ಹೊರಟದ್ದು ಬಾಯಿಯಲ್ಲಿ ತಡೆಯಬಹುದಾ ಆಗಿತ್ತು, ಆದರೂ ಹೇಳಿದ್ದ.

ಹರ್ಷವರ್ಧನನ ಮುಖ ನಿಜವಾಗಿಯೂ ಬಾಡಿತು. "ಅಯ್ಯೋ, ಬೆಳಿಗ್ಗೆ ಫೋನ್ ಮಾಡಿದಾಗಲೇ ಹೇಳ್ಬಾರ್ದಾ?" ಎಂದು ಎದ್ದು ಬಾಗಿಲಿಗೆ ಹೋಗಿ, "ಸುರೇಂದ್ರಾ, ಪಲ್ಪರ್ ಗುಂಡಿ ಗೇಟು ತೆಗೆದಾಯ್ತಾ?" ಎಂದು ಕೂಗಿದ.

ಕಣದ ಕಡೆಯಿಂದ ಸುರೇಂದ್ರ ಬಂದ. "ಆಗಲೇ ತೆಗೆದಾಯ್ತು ಸಾರ್. ಆಳುಗಳು ಕಳಸಕ್ಕೆ ಹೋಗ್ಬೇಕು ಅಂದ್ರು, ಅದಕ್ಕೆ ಸ್ವಲ್ಪ ಬೇಗನೇ. ಮಂಜಯ್ಯನವ್ರಿಗೆ ಬೆಳಿಗ್ಗೆನೇ ಹೇಳಿದ್ದೆ. ಹೂಂ ಅಂದಿದ್ರಲ್ಲ?"

ಇಬ್ಬರೂ ಅವನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. "ಮುಚ್ಚಿಸ್ಲಾ?" ಎಂದ ಹರ್ಷವರ್ಧನ. "ನಾಳೆ ಅವ್ರು ಬರೋ ಹೊತ್ತಿಗೆ ನಮ್ಮ ಗುಂಡಿ ತುಂಬಿ ಚೆಲ್ತಾ ಇರುತ್ತೆ, ಪೂರ್ತಿ ಹಣ್ಣು ಕಣದಲ್ಲಿ ಕೊಳೀಬೇಕಾಗುತ್ತೆ. ಪರವಾಗಿಲ್ಲ. ನೀವು ದೊಡ್ಡವ್ರು, ಮುಚ್ಚಿಸಿ ಅಂದ್ರೆ ಈಗಲೇ ಮುಚ್ಚಿಸ್ತೀನಿ. ನೀವೇ ಹೇಳಿ."

ಮುಚ್ಚಿಸಿ. ಒಂದೇ ಮಾತು. ಅಪ್ಪ ಎಮ್ಮೆಯ ಹೊಟ್ಟೆಯ ಕೆಳಗೆ ತೂರಿಸಿದ ಬಿದಿರು ಯಾಕೋ ಕಣ್ಣ ಮುಂದೆ ಬಂತು, ಆಮೇಲೆ ವಿಶ್ವನಾಥ ಗೌಡರು ಜಗುಲಿಯಲ್ಲಿ ಒರಗಿಸಿಟ್ಟ ಕೊಡೆ, ಆಮೇಲೆ ನೆಲದ ಮೇಲಿನ ತನ್ನ ಕೆಂಪು ಹೆಜ್ಜೆಗಳು. ಇಷ್ಟು ಜನರ ಕೆಲಸ ಕೆಡಿಸಿ, ಹಣ್ಣು ಕೊಳೆಯಿಸಿ, ಮೀನಿಗಾಗಿ. "ಬೇಡ ಬಿಡಿ" ಎಂದ ಮಂಜಯ್ಯ. "ತೆಗೆದಾಯ್ತಲ್ಲ."

"ನೋಡಿ, ನೀವು ಬೇಜಾರು ಮಾಡ್ಕೋಬೇಡಿ" ಎಂದು ಹರ್ಷವರ್ಧನ ಅವನ ಕೈಯಿಂದ ಲೋಟವನ್ನು ತಾನೇ ಇಸಿದುಕೊಂಡ.

ಎಸ್ಟೇಟಿನ ಗೇಟು ದಾಟುವವರೆಗೆ ಮಂಜಯ್ಯ ನಿಧಾನವಾಗಿ ನಡೆದ. ದಾಟಿದ ಮೇಲೆ ಓಡಿದ. ಆ ವಯಸ್ಸಿನಲ್ಲಿ ಓಡುವುದೆಂದರೆ ಎಡವುತ್ತಾ ಮುಂದಕ್ಕೆ ಬೀಳುತ್ತಾ ಹೋಗುವುದು, ಅಷ್ಟೇ. ಥತ್, ಥತ್ ಎನ್ನುತ್ತಿದ್ದ. ಯಾರಿಗೆ ಎಂದು ಕೇಳಿದರೆ ಹೇಳುವುದಕ್ಕಾಗುತ್ತಿರಲಿಲ್ಲ. ಹಡ್ಲಿನ ಕೆಳಗೆ ಹಳ್ಳದ ಪಕ್ಕಕ್ಕೆ ದಾರಿ ತಿರುಗುವಲ್ಲಿ ಅವನಿಗೆ ಅದು ಕಣ್ಣಿಗೆ ಬಿತ್ತು. ಪಲ್ಪರಿನ ನೀರಿನ ತಲೆ. ಒಣಗಿದ ಕಲ್ಲುಗಳ ಮೇಲೆ ನೊರೆಯ ಮೂತಿ ಮುಂದೆ ಮಾಡಿಕೊಂಡು, ಒಂದು ಕಲ್ಲು ಮೂಸಿ, ಪಕ್ಕಕ್ಕೆ ಸರಿದು, ಇನ್ನೊಂದನ್ನು ಮೂಸಿ, ಮೇಯಲು ಬಂದ ಪ್ರಾಣಿಯ ಹಾಗೆ ಸಾವಕಾಶವಾಗಿ ಅದು ಇಳಿಯುತ್ತಿತ್ತು. ಹಳ್ಳದಲ್ಲಿ ಮುಂದಕ್ಕೆ ದೂಡುವ ನೀರಿರಲಿಲ್ಲವಲ್ಲ, ಅದಕ್ಕೇ ಆ ನಿಧಾನ. ಅವನು ಅದನ್ನು ಹಿಂದೆ ಹಾಕಿ ಓಡಿದ. ಅಂಗಳಕ್ಕೆ ಬಂದು ಬಂಡೆಯ ಕಡೆಗೆ ಎರಡು ಹೆಜ್ಜೆ ಹಾಕಿದವನು, ಕೆಳಗೆ ಗುಂಡಿಯಲ್ಲಿ ಬಿಸಿಲಿಗೆ ಹೊಳೆದ ಬೆನ್ನುಗಳನ್ನು ಕಂಡು, ಬಕೆಟು ಕಿತ್ತುಕೊಂಡು ಆ ಕಡೆಗೇ ಇಳಿದುಬಿಟ್ಟ. ಕೂಗುವುದು ಮರೆಯಿತು ಎಂದು ಆಮೇಲೆ ಅವನು ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ. ಎರಡನ್ನೂ ಮಾಡುವಷ್ಟು ಉಸಿರಿರಲಿಲ್ಲ.

ಗುಂಡಿಯ ಅಂಚಿನಲ್ಲಿ ಒಂದು ಕ್ಷಣ ಕಾಲು ಮೇಲೆದ್ದೇ ನಿಂತಿತು. ಅಪ್ಪನೂ ಇಟ್ಟಿರದ ಕಾಲು. ಆಮೇಲೆ ಇಟ್ಟ. ನೀರು ಬೆಚ್ಚಗಿತ್ತು, ಅದು ಅವನಿಗೆ ಹೇಸಿಗೆಯಾಯಿತು. ಹೆಜ್ಜೆಯ ಸದ್ದಿಗೇ ಮೇಲೆ ಬರುತ್ತಿದ್ದ ಮೀನುಗಳು ಕೈ ತಾಗಿದೊಡನೆ ಹುಚ್ಚೆದ್ದು ಬಂಡೆಗೆ ಬಡಿದುಕೊಂಡವು. ಟವೆಲ್ಲನ್ನು ಬಲೆಯ ಹಾಗೆ ಹಿಡಿದು ಮೂಲೆಗೆ ಒತ್ತಿ ಒತ್ತಿ ಬಕೆಟಿಗೆ ಎತ್ತಿದ. ದೊಡ್ಡವು ಜಾರಿ ಬಿದ್ದವು, ಒಂದು ಅವನ ಎದೆಗೇ ಬಾಲದಲ್ಲಿ ಹೊಡೆಯಿತು. ಮೇಲಕ್ಕೆ ಹತ್ತಿ ನೀಲಿ ಡ್ರಮ್ಮಿಗೆ ಸುರಿದ. ಮತ್ತೆ ಇಳಿದ. ಕೃಷ್ಣಮ್ಮ ಬಾಯಿಗೆ ಸೆರಗು ಹಚ್ಚಿಕೊಂಡು, "ಮುಟ್ಟಿಬಿಟ್ರಲ್ಲ! ದೇವರ ಮೀನು ಮುಟ್ಟಿಬಿಟ್ರಲ್ಲ!" ಎಂದಳು. ಎರಡನೆಯ ಸಲ ಅವನು ಏದುತ್ತಾ ಹತ್ತಿಬಂದಾಗ ಅವಳೇ ಬಂದು ಬಕೆಟಿನ ಹಿಡಿಯ ಇನ್ನೊಂದು ಕಡೆ ಹಿಡಿದಳು. ಡ್ರಮ್ಮು ಸಾಲದೆ ಬಚ್ಚಲಿನ ತೊಟ್ಟಿಗೂ ಬಿಟ್ಟರು. ಮೂರನೆಯ ಸಲ ಇಳಿದಾಗ ನೊರೆ ಬಂದಿತ್ತು. ಅವನ ಕಾಲಿನ ಸುತ್ತ ಕಪ್ಪು ಹೊಗೆಯ ಹಾಗೆ ಹರಡಿಕೊಂಡಿತು. ಕೈಯಾಡಿಸಿದಲ್ಲೆಲ್ಲ ಮೀನು ಸಿಗುತ್ತಿತ್ತು, ಈಗ ಓಡುತ್ತಿರಲಿಲ್ಲ. ಸಿಕ್ಕಿದ್ದರಲ್ಲಿ ಯಾವುದು ಬದುಕಿದ್ದು ಯಾವುದು ಸತ್ತದ್ದು ಎಂದು ಗೊತ್ತಾಗದೆ ಎಲ್ಲವನ್ನೂ ಬಕೆಟಿಗೆ ತುಂಬಿದ.

ಆಗ ಕೆಳಗಿನಿಂದ ಮುತ್ತಮ್ಮನ ದನಿ ಕೇಳಿತು. ಕೂ ಅಲ್ಲ. "ಯಾವ ಪಾಪಿ ಬಿಟ್ಟಿದ್ದು ಇದನ್ನ! ಒಂದು ಮಾತು ಹೇಳಬಾರ್ದಾ! ಮಗಳು ಮೊಮ್ಮಗು ಎರೆದ್ಕೊಳ್ಳೋಕೆ ಹಂಡೆಗೆ ಪೈಪು ಹಾಕಿದ್ನಲ್ಲಪ್ಪಾ, ಹಂಡೆ ತುಂಬಾ ಹೊಲಸು ತುಂಬ್ತಲ್ಲಪ್ಪಾ!" ಮಂಜಯ್ಯ ಬಂಡೆಯ ಮರೆಗೆ ಸರಿದು ನಿಂತ. ಮೊಣಕಾಲವರೆಗೆ ಕಪ್ಪು ನೀರಿನಲ್ಲಿ ನಿಂತು, ಅವಳಿಗೆ ಕಾಣದ ಹಾಗೆ.

ಅವಳು ಸ್ಟೀಲಿನ ಕೊಡ ಹಿಡಿದುಕೊಂಡು ಬರುವ ಹೊತ್ತಿಗೆ ಬಿಸಿಲು ಅಂಗಳ ಬಿಟ್ಟು ಗೋಡೆಗೆ ಏರಿತ್ತು. ಮಂಜಯ್ಯ ಡ್ರಮ್ಮಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಮೀನುಗಳು ಬಾಯಿಯನ್ನು ನೀರಿನ ಮೇಲಕ್ಕೆ ಚಾಚಿ ಗುಳುಗುಳು ಎನ್ನುತ್ತಿದ್ದವು. ಅಷ್ಟು ಮೀನಿಗೆ ಅಷ್ಟು ನೀರು ಸಾಲದು ಎಂದು ಆಗಲೇ ತಿಳಿದಿತ್ತು. ಸಾರಿನ ಪಾತ್ರೆಯಲ್ಲಿದ್ದದ್ದನ್ನೂ ಹೊಯ್ದಾಗಿತ್ತು. ಉಳಿದದ್ದು ಅಡಿಗೆಮನೆಯ ಬಾಗಿಲಲ್ಲಿ ಕೃಷ್ಣಮ್ಮ ಮುಚ್ಚಿಟ್ಟ ಒಂದು ಕೊಡ.

ಮುತ್ತಮ್ಮ ಬಯ್ಯಲು ಬಂದವಳು. ಡ್ರಮ್ಮಿನೊಳಗೆ ಇಣುಕಿ ನೋಡಿ ಬಯ್ಯುವುದನ್ನು ಮರೆತಳು. "ಅಯ್ಯಾ, ಇದೇನು ಮಾಡಿದ್ರಿ?" ಎಂದು ಕೆನ್ನೆ ಮುಟ್ಟಿಕೊಂಡಳು. ಆಮೇಲೆ, "ಎಸ್ಟೇಟಿನವ್ರು ಹೇಳಿರ್ಲಿಲ್ವಾ ನಿಮಗೆ?"

"ಹೇಳಿದ್ರು."

"ಹಂಗಾರೆ ಅವ್ರದ್ದೇನೂ ತಪ್ಪಿಲ್ಲ." ಅವಳು ಇದನ್ನು ನ್ಯಾಯ ತೀರ್ಮಾನ ಮಾಡಿದ ಹಾಗೆ ಅಂದಳು, ಸಿಟ್ಟಿಲ್ಲದೆ. "ನೀವು ಕೂಗ್ಲಿಲ್ಲ. ಹೋಗ್ಲಿ, ವಯಸ್ಸಾಯ್ತು. ಒಂದು ಕೊಡ ನೀರು ಕೊಡಿ. ಮಗು ಮೈಯೆಲ್ಲ ಎಣ್ಣೆ ಹಚ್ಚಿಟ್ಟು ಬಂದಿದೀನಿ, ತೊಳೆಯೋಕೆ ಒಂದು ಚೊಂಬಿಲ್ಲ."

ಕೃಷ್ಣಮ್ಮ ಅಡಿಗೆಮನೆಯ ಬಾಗಿಲ ಕಡೆಗೆ ತಿರುಗಿದಳು. ಕೊಡದ ಮೇಲಿನ ತಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು.

"ನೀರಿಲ್ಲ" ಎಂದ ಮಂಜಯ್ಯ.

ಅವನಿಗೇ ಆ ದನಿ ಯಾರದ್ದೋ ಎನ್ನಿಸಿತು. ಗಟ್ಟಿಯಾಗಿತ್ತು, ಸ್ಪಷ್ಟವಾಗಿತ್ತು, ಒಂದಿಷ್ಟೂ ತಡವರಿಸಿರಲಿಲ್ಲ. ಬೆಳಿಗ್ಗೆಯಿಂದ ಹುಡುಕುತ್ತಿದ್ದ ದನಿ ಅದು.

"ಅಲ್ಲಿದೆಯಲ್ಲ ಅಯ್ಯಾ ಒಂದು ಕೊಡ."

"ಅದು ಬೇಕು. ಕೊಡಲ್ಲ."

ಕೃಷ್ಣಮ್ಮ ತಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಗಂಡನನ್ನು ನೋಡಿದಳು. ಮುತ್ತಮ್ಮ ಕೊಡವನ್ನು ನೋಡಿದಳು, ಡ್ರಮ್ಮನ್ನು ನೋಡಿದಳು, ಒದ್ದೆ ಪಂಚೆಯಲ್ಲಿ ನಡುಗುತ್ತಾ ಕೂತ ಮುದುಕನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ಆಶ್ಚರ್ಯವೇನೂ ಕಾಣಲಿಲ್ಲ. ತನ್ನ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಆಯ್ತು ಬಿಡಿ. ಮೇಲೆ ಹೋಗ್ತೀನಿ. ಎಸ್ಟೇಟಲ್ಲಿ ಬೋರಿದೆ. ಸಾವ್ಕಾರ್ರು ಯಾವತ್ತೂ ಯಾರಿಗೂ ಇಲ್ಲ ಅಂದವ್ರಲ್ಲ. ಕೇಳಿದ್ರೆ ಜೀಪಲ್ಲೇ ಕಳಿಸಿಕೊಡ್ತಾರೆ."

ಅವಳು ಅಂಗಳ ದಾಟಿ ಏರುದಾರಿ ಹಿಡಿದಳು. ಕೊಡವನ್ನು ಬಾಗಿಲಲ್ಲೇ ಬಿಟ್ಟು ಕೃಷ್ಣಮ್ಮ ಒಳಗೆ ಹೋದಳು. ಮಂಜಯ್ಯ ಎದ್ದು ಹೋಗಿ ಅದನ್ನು ಎತ್ತಿ ತಂದ. ಡ್ರಮ್ಮಿನ ಅಂಚಿಗೆ ಬಾಯಿ ಒರಗಿಸಿ ಸಣ್ಣಗೆ ಸುರಿಯತೊಡಗಿದ. ಅವನ ನೆರಳು ಬಿದ್ದೊಡನೆ ಮೀನುಗಳು ಬೆದರಿ, ಇರುವ ಅಷ್ಟೇ ಜಾಗದಲ್ಲಿ ಅವನಿಂದ ದೂರ ಹೋಗಲು ನೀಲಿ ಪ್ಲಾಸ್ಟಿಕ್ಕಿಗೆ ಢಬಢಬ ಹಣೆ ಚಚ್ಚಿಕೊಂಡವು. ಅವನು ನೆರಳು ಬೀಳದ ಹಾಗೆ ಪಕ್ಕಕ್ಕೆ ಸರಿದು, ಮುಖ ತಿರುಗಿಸಿಕೊಂಡು, ಕೊಡ ಖಾಲಿಯಾಗುವವರೆಗೂ ಸುರಿದ.